ಆನೆಗೆ ಕಾಣದ ಬಣ್ಣ

ಮನುಷ್ಯ ಗುಹೆಯಿಂದ ಹೊರಬಂದ ದಿನದಿಂದಲೂ ಶತ್ರುವಿನ ಕಣ್ಣಿಗೆ ಬೀಳದಿರುವ ವಿದ್ಯೆಯನ್ನು ಅರಸುತ್ತಲೇ ಇದ್ದಾನೆ. ನಮ್ಮ ಸೋದರಮಾವ ಅದನ್ನು ಅಂತರಸಂತೆಯ ಹತ್ತಿರ ಒಂದು ಮುರುಕು ಬಕೆಟ್ಟಿನಲ್ಲಿ ಕಲಸಿದರು.

ಮೊನ್ನೆ ಗೇಟಿಗೆ ಕಪ್ಪು ಬಣ್ಣ ಬಳಿಸುವಾಗ, ಅದರ ವಾಸನೆಗೆ ಇದೆಲ್ಲ ನೆನಪಾಯಿತು. ಆಗ ತೊಂಬತ್ತರ ದಶಕ. ನಾನು ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರವೊಂದನ್ನೇ ಬಾಕಿ ಉಳಿಸಿಕೊಂಡಿದ್ದೆ. ಆದ್ದರಿಂದಲೋ ಏನೋ, ಮಾವನ ಊರಿನಲ್ಲಿ ಆ ವಿಷಯಕ್ಕೆ ನನ್ನದೇ ಕೊನೆಯ ಮಾತು. ಜಗಲಿಯಲ್ಲಿ ಕೂತು ಪೇಪರು ಓದಿ ಹೇಳುತ್ತಿದ್ದೆ: ಅಮೆರಿಕದವರ ಹತ್ತಿರ ಒಂದು ಕರಿ ವಿಮಾನವಿದೆಯಂತೆ, ರೇಡಾರಿಗೆ ಕಾಣುವುದಿಲ್ಲವಂತೆ.

“ಯಾಕ್ಲಾ ಕಾಣಾಕಿಲ್ಲ?” ಎಂದರು ಮಾವ.

“ರೇಡಾರು ಅಲೆ ಕಳಿಸ್ತದೆ ಮಾವ. ಅದು ತಗುಲಿ ವಾಪಸ್ ಬಂದ್ರೆ ತಾನೆ ಗೊತ್ತಾಗೋದು? ಇದರ ಮೈಗೆ ಬಳಿದಿರೋದು ಅಲೇನೇ ಕುಡಿದುಬುಡ್ತದೆ.”

“ಅದ್ರಾಗೆ ಏನಾಕವ್ರೆ?”

ಇಂಗಾಲ, ಕಬ್ಬಿಣದ ಪುಡಿ ಎಂದೆ. ವಿಮಾನದ ಆಕಾರವೂ ಮುಖ್ಯ ಎಂಬ ಸಾಲು ಮುಂದಿತ್ತು. ಅತ್ತೆ ಊಟಕ್ಕೆ ಕರೆದದ್ದರಿಂದ ಅದನ್ನು ಓದಲಿಲ್ಲ.

ಮಾವನ ಚಿಂತೆ ಬೇರೆಯೇ. ಕಾಕನಕೋಟೆ ಕಾಡಿನ ಆನೆಯೊಂದು ಎರಡು ಸಲ ಅವರ ಪಂಪ್‌ಹೌಸಿನ ಗೋಡೆ ಕೆಡವಿತ್ತು. ಮೂರನೆಯ ಸಲ ಮೋಟಾರೂ ಜಜ್ಜಿಹೋದರೆ ಬಾಳೆತೋಟ ಒಣಗಬೇಕಾದದ್ದೇ. ಸುಣ್ಣದ ಗೋಡೆ ದೂರಕ್ಕೆ ಬೆಳ್ಳಗೆ ಹೊಳೆದು ಆನೆಯನ್ನು ಕರೆಯುತ್ತದೆ ಎಂಬುದು ಮಾವನ ಸಿದ್ಧಾಂತ. ಒಲೆಯ ಇದ್ದಿಲು ಕುಟ್ಟಿದರು. ಹುಣಸೂರಿನ ಲೇತ್ ಅಂಗಡಿಯಿಂದ ಕಬ್ಬಿಣದ ಪುಡಿ ತಂದರು. ಗೋಡೆಗೆ ಹಿಡಿದು ನಿಲ್ಲಲೆಂದು, ಹಳೇ ಗಾರೆ ಕೆಲಸದವರಂತೆ, ಎಲ್ಲವನ್ನೂ ಬೆಲ್ಲದ ನೀರಿನಲ್ಲಿ ಕಲಸಿದರು.

“ಬೆಲ್ಲ ಯಾಕೆ ಸುರೀತೀರಿ?” ಎಂದರು ಅತ್ತೆ.

“ಅಂಟ್ಕೋಬೇಕಲ್ಲ. ಸೈನ್ಸ್ ಇದು, ಸುಮ್ಕಿರು.”

“ನಿಮ್ ಸೈನ್ಸು ಆನೆಗೂ ತಿಳಿದ್ರೆ ಸರಿ ಬುಡಿ.”

ಮಾವ ನನ್ನ ಮುಖ ನೋಡಿದರು. ನಾನು ಗಂಭೀರವಾಗಿ ತಲೆಯಾಡಿಸಿದೆ.

ಗೋಡೆಗೆ ಬಳಿದ ಮೂರನೆಯ ಬೆಳಿಗ್ಗೆ ಹೋಗಿ ನೋಡಿದರೆ, ಸೊಂಡಿಲು ನಿಲುಕುವಷ್ಟು ಎತ್ತರದವರೆಗೆ ಬಣ್ಣವೇ ಇಲ್ಲ. ಆನೆ ಅಚ್ಚುಕಟ್ಟಾಗಿ ಕೆರೆದು ತಿಂದಿತ್ತು. ತಿನ್ನುವಾಗ ಒರಗಿಕೊಂಡಿತ್ತೆಂದು ಕಾಣುತ್ತದೆ, ಗೋಡೆ ಒಳಕ್ಕೆ ವಾಲಿತ್ತು. ಮಾವ ಗೋಡೆಯನ್ನು ಮೂಸಿ ನೋಡಿ, “ನಿನ್ ವಿಮಾನಕ್ಕೆ ಮೂಗಿರೋ ಶತ್ರು ಇನ್ನೂ ಸಿಕ್ಕಿಲ್ಲ ಕಣ್ಲಾ,” ಎಂದರು.

ವಿಮಾನದ ಕಪ್ಪು ಬಣ್ಣ ರಾತ್ರಿ ಮನುಷ್ಯರ ಕಣ್ಣಿಗೆ ಬೀಳದಿರಲಿಕ್ಕೆ, ಅಲೆ ಕುಡಿಯುವ ಲೇಪದ ಕೆಲಸವೇ ಬೇರೆ ಎಂದು ನಾನು ಓದಿದ್ದು ಎಷ್ಟೋ ವರ್ಷಗಳ ಮೇಲೆ. ಈಗ ಯಾರಾದರೂ ವಿಜ್ಞಾನದ ಸಂಗತಿ ಕೇಳಿದರೆ, ಪೂರ್ತಿ ಓದಿಲ್ಲ ಎಂದುಬಿಡುತ್ತೇನೆ.

ಆ ವಾರವೇ ಗೋಡೆ ಬಿತ್ತು. ಅಷ್ಟರಲ್ಲಿ ಮಾವ ಮೋಟಾರನ್ನು ಬಿಚ್ಚಿ ನಡುಮನೆಗೆ ತಂದಿದ್ದರು. ನೀರು ಹಾಯಿಸುವ ದಿನ ಗಾಡಿಯಲ್ಲಿ ಒಯ್ದು, ಸಂಜೆಗೆ ವಾಪಸ್ ತರುತ್ತಿದ್ದರು. ಬಾಳೆ ಉಳಿಯಿತು.