ಕೈ ನಡುಗದ ಮುಂಜಾನೆ

ಸವಣೂರಿನ ನನ್ನ ಕ್ಷೌರದಂಗಡಿಗೆ ಮುಂಜಾನೆ ಜನ ಬರುವುದು ನಿಂತುಹೋಗಿತ್ತು. ಮಧ್ಯಾಹ್ನ ಒಂದಿಬ್ಬರು ಬಂದರೂ ಕಟಿಂಗಿಗೆ ಮಾತ್ರ. ದಾಡಿಗೆಂದು ಯಾರೂ ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ಎದ್ದ ಕೂಡಲೇ ಒಂದು ಕ್ವಾರ್ಟರ್ ಹೊಟ್ಟೆಗಿಳಿಯದಿದ್ದರೆ ನನ್ನ ಕೈ ನಡುಗುತ್ತಿತ್ತು. ಇಳಿದರೆ ಬಾಯಿ ನಾರುತ್ತಿತ್ತು. ಮುಖದ ಹತ್ತಿರ ಬಾಗಿ ಮಾಡುವ ಕೆಲಸದಲ್ಲಿ ಎರಡನ್ನೂ ಮುಚ್ಚಿಡಲಾಗದು.

ಹೆಂಡತಿ ಮತ್ತು ಅವಳಣ್ಣ ಸೇರಿ ನನ್ನನ್ನು ಹಾನಗಲ್ಲಿನ ಮದ್ಯವರ್ಜನ ಶಿಬಿರಕ್ಕೆ ತಂದು ಬಿಟ್ಟರು. ಶಿಬಿರವಿದ್ದ ಕಲ್ಯಾಣಮಂಟಪದಲ್ಲಿ ಎಲ್ಲರೂ ಗಂಡಸರೇ. ಮೊದಲ ದಿನಗಳೆಲ್ಲ ಬೆವರು, ವಾಂತಿ, ಇಲ್ಲದ ಹುಳು ಮೈಮೇಲೆ ಹರಿದಂತೆ. ಡಾಕ್ಟರು ಗುಳಿಗೆ ಕೊಟ್ಟು ಪಕ್ಕದಲ್ಲೇ ಕೂರುತ್ತಿದ್ದರು.

ಮೈ ತಹಬಂದಿಗೆ ಬಂದ ಮೇಲೆ ದಿನಾ ನಮ್ಮನ್ನು ದುಂಡಗೆ ಕೂರಿಸಿ ಮಾತಾಡಿಸುತ್ತಿದ್ದರು. ನಾವೋ ಮಳೆ, ಎಲೆಕ್ಷನ್ನು, ಗೋವಿನಜೋಳದ ದರ ಎಂದು ಊರ ಸುದ್ದಿಯೆಲ್ಲ ಹೇಳಿ, ನಮ್ಮದನ್ನು ಮಾತ್ರ ಬಿಡುತ್ತಿದ್ದೆವು. ಒಂದು ದಿನ ಶಿಗ್ಗಾಂವಿಯ ಲಾರಿ ಡ್ರೈವರ್, ನನಗಿಂತ ಹಿರಿಯ, ಬಾಗಿಲಿನಷ್ಟು ಅಗಲದ ಆಳು, ಥಟ್ಟನೆ ಅಂದ: "ನನ್ನ ಗಾಡಿ ಸಪ್ಪಳ ಕೇಳಿದ್ರ ಸಾಕು, ನನ್ನ ಮಗಳು ಬಾಜೂ ಮನಿಗೆ ಓಡಿಹೋಗ್ತಾಳ್ರಿ." ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ಯಾರೂ ನಗಲಿಲ್ಲ. ಮುಖ ಒರೆಸಿಕೊಂಡು, "ಹೆಣ್ಮಕ್ಕಳು ಇಲ್ಲಿ ಇದ್ದಿದ್ರ ಇದು ನನ್ನ ಬಾಯಾಗ ಬರ್ತಿದ್ದಿಲ್ಲ ನೋಡ್ರಿ," ಅಂದ. ಅವತ್ತಿನಿಂದ ಒಬ್ಬೊಬ್ಬರೇ ಬಾಯಿ ಬಿಚ್ಚಿದರು. ನಾನೂ ಬಿಚ್ಚಿದೆ.

ಮನೆಯವರು ಬರುವ ಹಿಂದಿನ ದಿನ ಎಲ್ಲರ ಮುಖವೂ ಕಾಡಾಗಿತ್ತು. ಶಿಬಿರ ನಡೆಸುತ್ತಿದ್ದ ಸರ್ ನನ್ನ ಕೈಗೆ ರೇಜರು, ಸೋಪು, ಬ್ರಷ್ಷು ಕೊಟ್ಟರು. ನಾನು ಹಿಂದೆ ಸರಿದೆ. ಆ ಡ್ರೈವರ್ ಕುರ್ಚಿ ಎಳೆದುಕೊಂಡು ನನ್ನ ಮುಂದೆಯೇ ಕೂತ.

"ಕೈ ನಡುಗಿದ್ರ ಏನ್ ಮಾಡ್ಲಿ ಅಣ್ಣಾ?"

"ನಡುಗಿದ್ರ ನಿಂದ್ರು. ನಡುಕ ನಿಂತ ಮ್ಯಾಲ ಮತ್ತ ಶುರು ಮಾಡು. ನಾ ಎಲ್ಲಿ ಹೋಗ್ತೇನಿ?"

ನೊರೆ ಹಚ್ಚಿದೆ. ಗಲ್ಲ ದಾಟಿ ಗದ್ದ, ಗದ್ದ ದಾಟಿ ಗಂಟಲು. ಕುತ್ತಿಗೆಯ ನರ ರೇಜರಿನ ಪಕ್ಕದಲ್ಲೇ ಬಡಿಯುತ್ತಿತ್ತು. ಅವನು ಕಣ್ಣು ಮುಚ್ಚಿ ಆರಾಮಾಗಿ ಕೂತಿದ್ದ. ಒಂದು ಹನಿ ರಕ್ತವೂ ಬರಲಿಲ್ಲ. ಎದ್ದವನೇ ಗಲ್ಲ ಸವರಿಕೊಂಡು ಮಂಟಪವೆಲ್ಲ ಕೇಳುವಂತೆ ಕೂಗಿದ: "ಬರ್ರಪಾ, ಪಾಳಿ ಹಚ್ರಿ!"

ಒಬ್ಬೊಬ್ಬರ ದಾಡಿ ಮಾಡುತ್ತ ಹೊತ್ತು ಮುಳುಗುವವರೆಗೆ ನಿಂತೇ ಇದ್ದೆ. ಬೆನ್ನು ನೋಯುತ್ತಿತ್ತು. ದುಡಿದ ನೋವು, ಎಷ್ಟೋ ದಿನದ ಮೇಲೆ ಬಂದದ್ದು.

ಮರುದಿನ ನುಣ್ಣಗಿನ ಮುಖಗಳ ಸಾಲು ನೋಡಿ ಹೆಂಡತಿ ಕೇಳಿದಳು, "ಇಷ್ಟು ಚಂದ ದಾಡಿ ಯಾರ ಮಾಡ್ಯಾರ್ರಿ?"

"ನಾನ."

ಅವಳು ನನ್ನ ಎರಡೂ ಕೈ ಹಿಡಿದು ತಿರುವಿ ನೋಡಿದಳು, ಬಿಡಲೇ ಇಲ್ಲ. ಆ ಕಡೆ ಡ್ರೈವರನ ಮಗಳು ಅವ್ವನ ಸೆರಗು ಹಿಡಿದು ಬಹಳ ಹೊತ್ತು ನಿಂತಳು. ಆಮೇಲೆ ತಾನಾಗಿಯೇ ಅಪ್ಪನ ಹತ್ತಿರ ಬಂದಳು.

ಈಗ ಅಂಗಡಿಯ ಬಾಗಿಲು ಬೆಳಗಾಗುತ್ತಲೇ ತೆರೆಯುತ್ತದೆ. ಹಾನಗಲ್ಲಿರಲಿ, ಹಿರೇಕೆರೂರಿರಲಿ, ಶಿಬಿರವೆಂದರೆ ನನ್ನ ರೇಜರು-ಬ್ರಷ್ಷಿನ ಡಬ್ಬಿ ಹಿಡಿದು ಹೋಗುತ್ತೇನೆ. ಹೊಸಬರ ಗದ್ದ ಹಿಡಿದು, "ನಾನೂ ನಿಮ್ಮಂಗ ನಡುಗ್ತಿದ್ದೆ," ಅನ್ನುತ್ತೇನೆ. ಅವರು ನನ್ನ ಕೈ ನೋಡುತ್ತಾರೆ, ನಂಬುವುದಿಲ್ಲ.