ವಸಡಿನ ಡಾಕ್ಟರವ್ವ

ಅವರ ಎಡಗೈಯ ತೋರುಬೆರಳಿನ ಬುಡದಲ್ಲಿ ಅರ್ಧ ಬಳೆಯ ಆಕಾರದ ಕಪ್ಪು ಗುರುತೊಂದಿತ್ತು. ಮನುಷ್ಯನ ಹಲ್ಲು ನಟ್ಟ ಗುರುತು. ಗುಂಜಹಳ್ಳಿಯ ಮುದುಕನೊಬ್ಬ ದವಡೆ ಹಲ್ಲು ಕೀಳಿಸಿಕೊಳ್ಳಲು ಬಂದವನು, ಸೂಜಿ ಕಂಡೊಡನೆ ಗಾಬರಿಬಿದ್ದು ಬಾಯಿ ಮುಚ್ಚಿಬಿಟ್ಟನಂತೆ. ಕೈಗವಸು ಹರಿದು ಹಲ್ಲು ಒಳಗಿಳಿದಿತ್ತು. ಬೆರಳು ಎಳೆದುಕೊಂಡರೆ ಮಾಂಸ ಇನ್ನಷ್ಟು ಕಿತ್ತು ಬರುತ್ತದೆಂದು ಇವರು ಹಾಗೇ ನಿಂತು, ಬಲಗೈಯಿಂದ ಅವನ ನೆತ್ತಿ ಸವರುತ್ತ, ‘ಬಿಡಪ್ಪ, ಸಾವಕಾಶ ಬಿಡು’ ಎನ್ನುತ್ತಿದ್ದರಂತೆ. ಅದನ್ನು ನನಗೆ ಹೇಳುವಾಗ ನಕ್ಕರು. ಅವರು ನಗುತ್ತಿದ್ದುದೇ ಕಡಿಮೆ, ಅದಕ್ಕೇ ನೆನಪಿದೆ.

ಬಾಯಿ ಮತ್ತು ದವಡೆಯ ಶಸ್ತ್ರಚಿಕಿತ್ಸೆ ಅವರ ಕೆಲಸ. ಹಗಲು ರಾಯಚೂರಿನ ಒಂದು ಆಸ್ಪತ್ರೆಯಲ್ಲಿ, ಸಂಜೆ ಅಲ್ಲೇ ಬಾಡಿಗೆಗೆ ಹಿಡಿದ ಸಣ್ಣ ಕ್ಲಿನಿಕ್ಕಿನಲ್ಲಿ; ವಾರಕ್ಕೊಮ್ಮೆ, ಸಂತೆಯ ದಿನ, ಮಾನ್ವಿಗೆ ಬಂದು ಒಂದು ಔಷಧದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂರುತ್ತಿದ್ದರು. ಹುಟ್ಟಿದ್ದು ದೇವದುರ್ಗದಲ್ಲಿ, ಊರಾಚೆಯ ಕೇರಿಯಲ್ಲಿ. ತಂದೆ ತಾಯಿ ಕೂಲಿ ಮಾಡಿ ಓದಿಸಿದ್ದರು. ಮದುವೆಯಾಗಿರಲಿಲ್ಲ. ಹಳ್ಳಿಯ ಹೆಂಗಸರು ‘ಡಾಕ್ಟರವ್ವ’ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ, ಕೊನೆಯವರೆಗೂ.

ನಾನು ಅವರನ್ನು ಮೊದಲು ಕಂಡದ್ದು ಅಕ್ಕ ಸಾಯುವ ಹಿಂದಿನ ದಿನ.

ಅಕ್ಕನನ್ನು ಅರಕೇರಾಕ್ಕೆ ಕೊಟ್ಟಿದ್ದೆವು. ಅವಳ ಕೆಳಗಿನ ದವಡೆ ಹಲ್ಲೊಂದು ಹುಳುಕಾಗಿ ಬಹಳ ದಿನದಿಂದ ನೋಯುತ್ತಿತ್ತು. ನೋವು ಎದ್ದಾಗ ಕಿರಾಣಿ ಅಂಗಡಿಯ ಗುಳಿಗೆ ನುಂಗಿ, ಲವಂಗ ಕಚ್ಚಿಕೊಂಡು ಹತ್ತಿ ಬಿಡಿಸಲು ಹೋಗುತ್ತಿದ್ದಳು. ಒಂದು ಬೆಳಿಗ್ಗೆ ಗದ್ದ ಊದಿತು. ಮನೆಯವರು ಸುಣ್ಣ ಬೆಲ್ಲ ಕಲಸಿ ಪಟ್ಟು ಹಾಕಿದರು. ಬಾವು ಇಳಿಯುವ ಬದಲು ಕುತ್ತಿಗೆಗೆ ಹಬ್ಬಿತು. ಫೋನು ಮಾಡಿದರೆ ಅವಳ ಮಾತು, ಬಾಯಲ್ಲಿ ಸುಡುವ ತುತ್ತು ಇಟ್ಟುಕೊಂಡವರ ಮಾತಿನಂತೆ ಕೇಳಿಸಿತು. ಅವ್ವ ಮತ್ತು ನಾನು ನಮ್ಮ ತವರೂರು ಕುರ್ಡಿಯಿಂದ ಹೊರಟು ರಾಯಚೂರು ಮುಟ್ಟುವಷ್ಟರಲ್ಲಿ ಭಾವ ಅವಳನ್ನು ಆಸ್ಪತ್ರೆಗೆ ತಂದಿದ್ದ. ಜೊಲ್ಲು ನುಂಗಲಾಗದೆ ಸೆರಗೆಲ್ಲ ತೊಯ್ದಿತ್ತು. ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ಒರಗಿ, ಕತ್ತು ಚಾಚಿಕೊಂಡು ಕೂತಿದ್ದಳು.

ಡಾಕ್ಟರವ್ವ ಬಂದು ಅವಳ ಕುತ್ತಿಗೆಯನ್ನು ಎರಡು ಬೆರಳಿನಿಂದ ಒತ್ತಿ ನೋಡಿದರು. ಹಲಗೆಯಂತೆ ಗಟ್ಟಿಯಾಗಿತ್ತು. ಹಲ್ಲಿನ ಬೇರಿನ ಕೀವು ನಾಲಗೆಯ ಅಡಿಗೆ ಇಳಿದು ಕುತ್ತಿಗೆ ತುಂಬಿದೆ, ಉಸಿರಿನ ದಾರಿ ಮುಚ್ಚಿಕೊಳ್ಳುತ್ತಿದೆ, ಮೊದಲು ಗಂಟಲಿಗೆ ತೂತು ಮಾಡಿ ಉಸಿರಿಗೆ ದಾರಿ ಕೊಡಬೇಕು, ಆಮೇಲೆ ಕುತ್ತಿಗೆ ಕೊಯ್ದು ಕೀವು ಹೊರಗೆ ಬಿಡಬೇಕು ಎಂದು ನಮಗೆಲ್ಲ ತಿಳಿಯುವಂತೆ ಹೇಳಿದರು.

‘ಹಲ್ಲು ನೋವಿಗೆ ಕುತ್ತಿಗಿ ಯಾಕ ಕೊಯ್ತೀರಿ?’ ಎಂದ ಅಕ್ಕನ ಮಾವ.

ಅವನ ಭಯ ಸುಳ್ಳೆಂದು ಹೇಳಲಾರೆ. ಹಲ್ಲಿನಿಂದ ಮನುಷ್ಯರು ಸಾಯುತ್ತಾರೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಊರಿನಿಂದ ಹಿರಿಯರು ಬರಲಿ, ಕೂತು ಯೋಚಿಸೋಣ ಎಂದರು ಅಕ್ಕನ ಮನೆಯವರು. ಅವ್ವ ಕೂಡ ಅದನ್ನೇ ಹಿಡಿದಳು. ಮಗಳ ಕುತ್ತಿಗೆಗೆ ಕತ್ತಿ ಹಾಕಲು ಬಿಡುವುದಿಲ್ಲ ಎಂದು ಮಂಚಕ್ಕೆ ಅಡ್ಡ ನಿಂತಳು. ಡಾಕ್ಟರವ್ವ ಅವ್ವನ ಮುಂದೆ ಕೈ ಜೋಡಿಸಿದರು.

‘ಯವ್ವಾ, ಇದು ಮಾತಾಡಿಕೋತ ಕುಂದ್ರೋ ಹೊತ್ತಲ್ಲ. ಆಕಿ ಉಸುರು ನಿಂತ್ರ ನನ್ನ ಕೈಯಾಗ ಏನೂ ಉಳಿಯಂಗಿಲ್ಲ.’

ಎಲ್ಲರೂ ಒಪ್ಪುವ ಹೊತ್ತಿಗೆ ಬಿಸಿಲು ಇಳಿದಿತ್ತು. ಕೊಯ್ದರು, ಕೀವು ತೆಗೆದರು. ಬೆಳಗಾಗುತ್ತಲೇ ಅಕ್ಕ ಹೋದಳು. ಬೇರೆಯವರ ಕೈಯಲ್ಲಿ ಹೇಳಿ ಕಳಿಸಬಹುದಿತ್ತು. ಇವರೇ ಹೊರಗೆ ಬಂದು ಅವ್ವನ ಎದುರು ನಿಂತು, ‘ನಿನ್ನ ಮಗಳು ಹೋದಳವ್ವ. ವಿಷ ನೆತ್ತರಿಗೆ ಏರಿತ್ತು’ ಎಂದರು. ತಡವಾಯಿತು ಎಂಬ ಮಾತನ್ನು ಅವರು ಆಡಲಿಲ್ಲ. ಆಡದಿದ್ದರೂ ಅವ್ವನಿಗೆ ಅದು ಕೇಳಿಸಿತು ಎಂದು ಈಗ ನನಗೆ ಅನಿಸುತ್ತದೆ.

ಅರಕೇರಾದಲ್ಲಿ ಮಣ್ಣು ಮಾಡಿ ನಾವು ಕುರ್ಡಿಗೆ ಮರಳಿದ ಕೆಲವು ದಿನಕ್ಕೆ ಅವರು ನಮ್ಮ ಮನೆಗೇ ಬಂದರು. ಬಸ್ಸಿಳಿದು, ಮನೆ ಯಾವುದೆಂದು ಕೇಳಿಕೊಂಡು ಒಬ್ಬರೇ ಬಂದಿದ್ದರು. ಕಟ್ಟೆಯ ತುದಿಯಲ್ಲಿ ಕೂತರು. ಅವ್ವ ಬಾಗಿಲಲ್ಲಿ ನಿಂತು ಬೈಯತೊಡಗಿದಳು. ಹಲ್ಲು ತೋರಿಸಲು ಹೋದವಳ ಕುತ್ತಿಗೆ ಕೊಯ್ದು ಕೊಂದೆ ಎಂದಳು. ಅವರ ಕೇರಿಯ ಹೆಸರು ಹಿಡಿದು, ಜಾತಿ ಎತ್ತಿ ಬೈದಳು. ದುಃಖ ವಿಚಾರಿಸಲು ಬಂದ ಹೆಂಗಸರು ತಲೆ ತಗ್ಗಿಸಿದರೇ ಹೊರತು ಯಾರೂ ತಡೆಯಲಿಲ್ಲ. ನಾನೂ ತಡೆಯಲಿಲ್ಲ. ಅವರಿಗೆ ಒಂದು ಚೊಂಬು ನೀರು ಸಹ ಯಾರೂ ಕೊಡಲಿಲ್ಲ. ಅವ್ವನ ದನಿ ಬೀಳುವವರೆಗೂ ಕೂತಿದ್ದು ಎದ್ದರು. ಹೋಗುತ್ತ ನನ್ನ ಹತ್ತಿರ ನಿಂತರು. ನಾನು ಎಂದಿನಂತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದೆ.

‘ನಿನ್ನ ವಸಡಿನಾಗ ಕೀವು ಅದ. ಸಂತಿ ದಿನ ಮಾನ್ವಿಗೆ ಬಾ.’

ಸಾವಿನ ಮನೆಯಲ್ಲಿ ಇದೆಂಥ ಮಾತು ಎಂದು ನನಗೆ ಮೈಯೆಲ್ಲ ಉರಿಯಿತು. ಅದು ನಿಜವಾಗಿದ್ದುದರಿಂದ ಇನ್ನೂ ಹೆಚ್ಚು ಉರಿಯಿತು.

ನಾನು ಮಾನ್ವಿಯ ಒಂದು ಶಾಲೆಯಲ್ಲಿ ಟೀಚರ್. ಬೆಳಿಗ್ಗೆ ಬಾಯಿ ತೊಳೆದರೆ ನೀರು ಕೆಂಪಾಗುತ್ತಿತ್ತು. ಹತ್ತಿರ ನಿಂತು ಲೆಕ್ಕ ತಿದ್ದುವಾಗ ಮಕ್ಕಳು ಮುಖ ಆಚೆ ತಿರುಗಿಸುತ್ತಿದ್ದವು. ಗಂಡ ಏನೂ ಅನ್ನುತ್ತಿರಲಿಲ್ಲ, ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು. ನಮ್ಮ ತಾಯಿಯ ಕಡೆಯ ಹೆಂಗಸರಿಗೆ ಎಳೆ ವಯಸ್ಸಿಗೇ ಹಲ್ಲು ಅಲುಗಿ ಬೀಳುವುದು ಹೊಸದಲ್ಲ. ಅದು ಹಣೆಬರಹ ಎಂದುಕೊಂಡಿದ್ದೆವು. ಆ ಬೇಸಿಗೆ ನನ್ನ ಮುಂದಿನ ಹಲ್ಲು ರೊಟ್ಟಿ ಕಚ್ಚುವಾಗ ಅಲುಗಿತು. ಅವ್ವನಿಗೆ ಹೇಳದೆ ಸಂತೆಯ ದಿನ ಆ ಕೋಣೆಗೆ ಹೋದೆ.

ಕೋಣೆ ಖಾಲಿ ಇತ್ತು. ಹಲ್ಲು ಕೀಳಲು ಹೋಗಿ ಜೀವ ತೆಗೆದವಳು ಎಂಬ ಮಾತು ಸುತ್ತಲಿನ ಊರುಗಳಲ್ಲಿ ಹಬ್ಬಿ, ಹೆಂಗಸರು ಬರುವುದನ್ನು ಬಿಟ್ಟಿದ್ದರು. ಅವರು ಬಾಗಿಲು ತೆರೆದಿಟ್ಟುಕೊಂಡು, ಹಲ್ಲು ಕೆರೆಯುವ ಉಪಕರಣಗಳನ್ನು ಸಣ್ಣ ಸಾಣೆಕಲ್ಲಿನ ಮೇಲೆ ಮಸೆಯುತ್ತ ಕೂತಿದ್ದರು. ಯಾಕೆ ಇಷ್ಟು ತಡ ಎಂದು ಕೇಳಲಿಲ್ಲ. ಕುರ್ಚಿ ತೋರಿಸಿದರು.

‘ಹಲ್ಲು ಕೆಟ್ಟಿಲ್ಲ ಬೇ. ಹಲ್ಲು ನಿಂತ ನೆಲಾನ ಕರಗಿ ಹೊಂಟದ’ ಎಂದರು ಎಕ್ಸ್‌ರೇ ನೋಡಿ. ನೆತ್ತರು ಬರುತ್ತದೆಂದು ನಾನು ಬ್ರಶ್ ಮುಟ್ಟುವುದನ್ನೇ ಬಿಟ್ಟಿದ್ದೆ. ‘ತಿಕ್ಕಿದ್ದಕ್ಕ ನೆತ್ತರು ಬರಾಕತ್ತಿಲ್ಲ, ಬಿಟ್ಟಿದ್ದಕ್ಕ ಬರಾಕತ್ತದ’ ಎಂದು, ನನ್ನನ್ನು ಸಿಂಕಿನ ಮುಂದೆ ನಿಲ್ಲಿಸಿ ಸಣ್ಣ ಹುಡುಗಿಗೆ ಕಲಿಸಿದಂತೆ ಹಲ್ಲು ತಿಕ್ಕುವುದನ್ನು ಕಲಿಸಿದರು. ಆಮೇಲೆ ರಾಯಚೂರಿಗೆ ಕರೆಸಿ ಶಸ್ತ್ರಚಿಕಿತ್ಸೆ ಮಾಡಿದರು. ಸೂಜಿಮದ್ದು ಕೊಟ್ಟು, ವಸಡನ್ನು ಹಲ್ಲಿನಿಂದ ಬಿಡಿಸಿ ಹಿಂದಕ್ಕೆ ಮಡಚಿ, ಬೇರಿಗೆ ಕಲ್ಲಿನಂತೆ ಕಟ್ಟಿದ ಕೊಳೆಯನ್ನು ಕೆರೆದರು. ಆ ಸದ್ದು ಕಿವಿಗಲ್ಲ, ನೇರ ತಲೆಬುರುಡೆಗೆ ಕೇಳುತ್ತದೆ. ಹೊಲಿಗೆ ಹಾಕಿ, ಮೇಲೆ ಮೆತ್ತನೆಯ ಲೇಪ ಒತ್ತಿದರು. ಒಂದೊಂದು ಕಡೆ ಮಾಗಿದಂತೆ ಮತ್ತೊಂದು ಕಡೆ. ಕೆಲವು ಹಲ್ಲು ಉಳಿಯಲೇ ಇಲ್ಲ, ಕೀಳಬೇಕಾಯಿತು. ಉಳಿದವು ಉದ್ದವಾಗಿ, ನಡುವೆ ಸಂದು ಬಿಟ್ಟುಕೊಂಡು ನಿಂತಿವೆ. ಚೆಂದ ಕಾಣುವುದಿಲ್ಲ, ಆದರೆ ಗಟ್ಟಿಯಾಗಿವೆ. ತರಗತಿಯಲ್ಲಿ ಸೆರಗು ಹಿಡಿಯದೆ ಪಾಠ ಮಾಡಿದ ದಿನ ನಾನು ಮನೆಗೆ ಬಂದು ಅತ್ತಿದ್ದೆ.

ನಮ್ಮ ಮನೆಯವರು ಅವರ ಕೈಯ ನೀರು ಮುಟ್ಟುತ್ತಿರಲಿಲ್ಲ. ಅದೇ ಕೈ ವಾರಗಟ್ಟಲೆ ನನ್ನ ಬಾಯೊಳಗಿತ್ತು. ಇದನ್ನು ಅವರೂ ಯೋಚಿಸಿದ್ದಿರಬೇಕು. ಒಮ್ಮೆಯೂ ಆಡಲಿಲ್ಲ. ಅಂದು ನಮ್ಮ ಮನೆಗೆ ಯಾಕೆ ಬಂದಿರಿ ಎಂದು ಒಮ್ಮೆ ಕೇಳಿದೆ. ಹೋಗಬಾರದು ಎಂದೇ ಹಿರಿಯ ವೈದ್ಯರು ಹೇಳಿದ್ದರಂತೆ. ‘ನಿಮ್ಮವ್ವ ಬೈದಳಲ್ಲ, ಆಕಿಗೆ ಬೈಯಾಕ ಯಾರರೆ ಬೇಕಾಗಿದ್ರು. ಇಲ್ಲಂದ್ರ ತನ್ನನ್ನ ತಾನ ಬೈಕೋತ ಸಾಯ್ತಿದ್ದಳು’ ಎಂದು ಕೈ ತೊಳೆಯಲು ಎದ್ದರು.

ಹೋದ ವರ್ಷ ಅವರು ಮಾನ್ವಿಗೆ ಬರುವುದು ನಿಂತಿತು. ವಿಚಾರಿಸಿದರೆ ಎದೆಯಲ್ಲಿ ಗಂಟು, ಕ್ಯಾನ್ಸರ್, ಬಹಳ ಮುಂದೆ ಹೋಗಿದೆ ಎಂದರು. ದೇವದುರ್ಗದಲ್ಲಿದ್ದ ಅವರ ತಮ್ಮನ ಮನೆಗೆ ನೋಡಲು ಹೋದೆ. ತಲೆಗೆ ಬಟ್ಟೆ ಸುತ್ತಿಕೊಂಡು ಮಲಗಿದ್ದರು. ಗಂಟು ಮೊದಲೇ ಗೊತ್ತಿತ್ತಂತೆ, ಯಾರಿಗೂ ತೋರಿಸಿರಲಿಲ್ಲ.

‘ನಿಮ್ಮ ಮಂದಿ ಅವತ್ತು ಯಾಕ ತಡ ಮಾಡಿದ್ರಂತ ಈಗ ತಿಳೀತು’ ಎಂದರು. ‘ಅಂಜಿಕಿ. ನನಗೂ ಅಂಜಿಕಿನ ಆತು.’

ಕ್ಯಾನ್ಸರಿನ ಔಷಧದ ಉರಿಗೆ ಅವರ ಬಾಯೆಲ್ಲ ಹುಣ್ಣಾಗಿತ್ತು. ವಸಡು ಊದಿ, ತುಟಿ ಒಡೆದು, ನೀರು ನುಂಗುವುದೂ ಕಷ್ಟ. ಕುರ್ಡಿಗೆ ಹೋದಾಗ ಇದನ್ನು ಅವ್ವನಿಗೆ ಹೇಳಿದೆ. ನನ್ನ ಹಲ್ಲು ಉಳಿಸಿದವರು ಯಾರೆಂದು ಅವಳಿಗೆ ಅಷ್ಟರಲ್ಲಿ ತಿಳಿದಿತ್ತು, ಆದರೂ ಆ ಹೆಸರು ಮನೆಯಲ್ಲಿ ಎತ್ತುವಂತಿರಲಿಲ್ಲ. ಮರುದಿನ ಅವ್ವ ಸೀರೆ ಬದಲಿಸಿ, ಹಳೆ ಪಂಚೆಯ ಮೆತ್ತನೆಯ ತುಂಡುಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟು ನಿಂತಳು.

ದೇವದುರ್ಗದ ಆ ಮನೆಯಲ್ಲಿ ಅವ್ವ ಮಂಚದ ಪಕ್ಕ ಕೂತು, ಬಿಸಿ ನೀರಿಗೆ ಚೂರು ಉಪ್ಪು ಹಾಕಿ ಆರಿಸಿ, ಬಟ್ಟೆ ಅದ್ದಿ ಬೆರಳಿಗೆ ಸುತ್ತಿಕೊಂಡಳು. ಡಾಕ್ಟರವ್ವ ಅವಳ ಕಡೆ ತಿರುಗಿದರು.

‘ಸಿಟ್ಟು ಹೋತೇನವ್ವ?’

‘ಇಲ್ಲ’ ಎಂದಳು ಅವ್ವ. ‘ಬಾಯಿ ತಗಿ.’

ಅವರು ಬಾಯಿ ತೆರೆದರು. ಅವ್ವ ಒಂದೊಂದೇ ಹಲ್ಲಿನ ಬುಡವನ್ನು, ನಾಲಗೆಯನ್ನು, ಕೆನ್ನೆಯ ಒಳಬದಿಯನ್ನು ನೋಯದಂತೆ ಒರೆಸಿದಳು. ನೆತ್ತರು ಅಂಟಿದ ಬಟ್ಟೆಯನ್ನು ತಾನೇ ಹಿಂಡಿದಳು. ಆಮೇಲೆ ಚಮಚದಿಂದ ಗಂಜಿ ಕುಡಿಸಿದಳು. ಅಲ್ಲಿಂದ ಮುಂದೆ ಅವ್ವ ಹೋಗಿ ಬರುತ್ತಲೇ ಇದ್ದಳು, ನನ್ನನ್ನು ಜೊತೆಗೆ ಕರೆಯುತ್ತಿರಲಿಲ್ಲ.

ಮಳೆಗಾಲ ಶುರುವಾಗುವ ಮೊದಲು ಡಾಕ್ಟರವ್ವ ತೀರಿಕೊಂಡರು. ದೇವದುರ್ಗದಲ್ಲಿ ಮಣ್ಣು ಮಾಡಿದರು. ಅವ್ವ ಬರಲಿಲ್ಲ, ಮಂದಿಯ ನಡುವೆ ನಿಲ್ಲಲಾರೆ ಎಂದಳು. ನಾನು ಹೋಗಿ ನನ್ನ ಪಾಲಿನ ಹಿಡಿ ಮಣ್ಣು ಹಾಕಿ ಕುರ್ಡಿಗೆ ಬಂದಾಗ ಅವಳು ಕಟ್ಟೆಯ ಮೇಲೆ ಕೂತಿದ್ದಳು. ಎಷ್ಟು ಮಂದಿ ಸೇರಿದ್ದರು, ಯಾರು ಅತ್ತರು, ಯಾವುದನ್ನೂ ಕೇಳಲಿಲ್ಲ.

‘ಕಡೀಗೆ ಬಾಯಾಗ ನೀರು ಬಿಟ್ರೇನು?’ ಎಂದಳು.

ಬಿಟ್ಟರು, ತಮ್ಮ ಬಿಟ್ಟ, ಎಂದೆ.

‘ನುಂಗಿದಳೇನು?’

ನುಂಗಿದರಂತೆ, ಎಂದೆ. ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು.