ಎಂಬತ್ತನಾಲ್ಕನೆಯ ಸಹಿ

ಗ್ಯಾಸ್ ಸೋರಿದರೆ ಮೂಗಿಗೆ ಗೊತ್ತಾಗಿಯೇ ಆಗುತ್ತದೆ ಎಂಬುದು ನಮ್ಮ ಟ್ರೇನಿಯ ದೃಢ ನಂಬಿಕೆಯಾಗಿತ್ತು. ಇಪ್ಪತ್ತಾರು ವರ್ಷ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಮಲಗಿದವನಿಗೆ ಬೇರೆ ಪುರಾವೆ ಬೇಕೆ? ಹಾಗಾಗಿ ನೈಸರ್ಗಿಕ ಅನಿಲ ಸ್ಥಾವರಕ್ಕೆ ಕೆಲಸ ಕಲಿಯಲು ಸೇರಿದ ಮೊದಲ ದಿನವೇ, ಬೇಲಿ ನುಸುಳಿ ಬಂದ ನಾಯಿಯ ಹಾಗೆ ಪೈಪಿನಿಂದ ಪೈಪಿಗೆ ಮೂಗು ಚಾಚುತ್ತ ಆವರಣವೆಲ್ಲ ಸುತ್ತಿ ಬಂದು, ಎದೆಯುಬ್ಬಿಸಿ ವರದಿ ಒಪ್ಪಿಸಿದ.

“ಎಲ್ಲೂ ವಾಸನೆ ಇಲ್ಲ ಅಕ್ಕಾ. ಎಲ್ಲಾ ಸರಿಯಾಗಿದೆ.”

ಅಕ್ಕ ಎಂದರೆ ಅವನಿಗೆ ಕೆಲಸ ಕಲಿಸಬೇಕಿದ್ದ ಹಿರಿಯ ಆಪರೇಟರ್. ಒರೆಸುವ ಬಟ್ಟೆಯನ್ನು ಹೆಗಲಿಗೆಸೆದುಕೊಂಡು ಆಕೆ ಅವನನ್ನು ಮೇಲಿಂದ ಕೆಳಗೆ ನೋಡಿದರು.

“ಈ ಗ್ಯಾಸಿಗೆ ವಾಸನೆನೇ ಇಲ್ಲ ಕಣಪ್ಪಾ. ಊರಿಗೆ ಕಳಿಸೋ ಮುಂಚೆ ಅದಕ್ಕೆ ಗಬ್ಬು ಬೆರೆಸೋದೇ ನಾವು. ನಾಳೆಯಿಂದ ಮೂಗು ಮನೇಲಿಟ್ಟು, ಸೋರಿಕೆ ನೋಡೋ ಮೀಟರ್ ಹಿಡ್ಕೊಂಡು ಬಾ.”

ಅಂದಿನಿಂದ ಕ್ಯಾಂಟೀನಿನಲ್ಲಿ ಅವನು ಮೂಗಪ್ಪನಾದ.

ಅಕ್ಕನಿಗೂ ಒಂದು ಅಡ್ಡಹೆಸರಿತ್ತು: ಸುತ್ತಕ್ಕ. ಎರಡು ಗಂಟೆಗೊಮ್ಮೆ ಸ್ಥಾವರ ಸುತ್ತಿ ಒತ್ತಡ ತೋರಿಸುವ ಪ್ರತಿ ಗೇಜಿನ ಅಂಕಿ ಬರೆದುಕೊಳ್ಳುವುದು ಎಲ್ಲ ಆಪರೇಟರುಗಳ ಕೆಲಸವೇ. ಆ ಹೆಸರು ಇವರೊಬ್ಬರಿಗೇ ಯಾಕೆ ಬಂತೆಂದು ಮಾತ್ರ ಯಾರೂ ಬಾಯಿ ಬಿಡುತ್ತಿರಲಿಲ್ಲ. ಮೂವತ್ತು ವರ್ಷದ ಹಿಂದೆ ಕಂಟ್ರೋಲ್ ರೂಮಿನ ನೆಲ ಒರೆಸಲು ಬಂದವರು, ಒರೆಸುತ್ತಲೇ ತಲೆಯೆತ್ತಿ ಬೋರ್ಡು ಓದುವುದನ್ನು ಕಲಿತು, ಪರೀಕ್ಷೆ ಕಟ್ಟಿ ಆಪರೇಟರ್ ಆದರು. ಗೇಜಿನ ಗಾಜು ಒರೆಸಿ, ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ, ಮುಳ್ಳು ಅಲುಗಿ ನಿಂತ ಮೇಲೇ ನಂಬುವುದು ಅವರ ಪದ್ಧತಿ. ಮನೆಯಲ್ಲಿ ಗೋಡೆ ಗಡಿಯಾರಕ್ಕೂ ಅದೇ ಶಾಸ್ತಿ. “ನನ್ನ ತಲೆನೂ ತಟ್ಟಿ ನೋಡಿದಾಳೆ, ಮುಳ್ಳು ಅಲುಗಲಿಲ್ವಂತೆ” ಎಂದು ಅವರ ಯಜಮಾನರು ಗೇಟಿನ ಬಳಿ ಹೇಳಿಕೊಂಡು ನಗುತ್ತಿದ್ದರು.

ಟ್ರೇನಿಯ ತರಗತಿಯ ಪಾಠ ಎರಡೇ ವಾರದಲ್ಲಿ ಮುಗಿಯಿತು. ‘ಸುರಕ್ಷತೆಯೇ ಮೊದಲು’ ಎಂದು ದಿನಕ್ಕೆ ಇಪ್ಪತ್ತು ಸಲ ಹೇಳಿಸಿದರು. ಪರೀಕ್ಷೆಯಲ್ಲಿ ಪ್ರತಿ ಪ್ರಶ್ನೆಗೂ ಸರಿಯುತ್ತರ ‘ಮೇಲಿನ ಎಲ್ಲವೂ’. ಮೂಗಪ್ಪನಿಗೆ ನೂರಕ್ಕೆ ನೂರು. ತಾನು ಹುಟ್ಟಿದ್ದೇ ಗ್ಯಾಸಿಗಾಗಿ ಎಂದು ಅವನಿಗೆ ಅನ್ನಿಸಿಬಿಟ್ಟಿತು. ನಿಜವಾದ ಪರೀಕ್ಷೆ ಇದ್ದದ್ದು ಕೈಪುಸ್ತಕದಲ್ಲಿ. ವಾಲ್ವ್ ತಿರುಗಿಸುವುದರಿಂದ ಪಂಪ್ ಚಾಲೂ ಮಾಡುವವರೆಗೆ ಎಂಬತ್ತನಾಲ್ಕು ಕೆಲಸ, ಒಂದೊಂದಕ್ಕೂ ಅಕ್ಕನ ಒಂದೊಂದು ಸಹಿ. ಆರನೆಯ ತಿಂಗಳ ಕೊನೆಯ ಶುಕ್ರವಾರದೊಳಗೆ ಎಲ್ಲ ಆದರೆ ನೌಕರಿ ಖಾಯಂ. ಇಲ್ಲದಿದ್ದರೆ ಮನೆ ದಾರಿ. ಮನೆಗೆ ಹೋಗುವ ಹಾಗೂ ಇರಲಿಲ್ಲ. ಮಗ ಒಂದು ದಿನ ರಜೆ ಹಾಕಿದರೆ ಊರಿನ ಒಲೆಗಳೆಲ್ಲ ಆರಿಹೋಗುತ್ತವೆ ಎಂದು ಅವನ ತಾಯಿ ಆಗಲೇ ಬೀದಿಗೆಲ್ಲ ಸಾರಿ ಬಂದಿದ್ದರು.

ಆ ಶುಕ್ರವಾರ ಎಂಬತ್ತಮೂರು ಸಹಿ ಬಿದ್ದಿದ್ದವು. ಉಳಿದದ್ದು ಒಂದೇ: ಯಾರ ನೆರವೂ ಇಲ್ಲದೆ ಒಂದು ಪೂರ್ತಿ ಸುತ್ತು. ಸುಡುವ ಮಧ್ಯಾಹ್ನದಲ್ಲಿ, ತಮ್ಮ ಪಾಳಿಯ ಮೊದಲ ಸುತ್ತಿಗೆ ಹೊರಟ ಮೂಗಪ್ಪ ಇಪ್ಪತ್ತೊಂಬತ್ತು ಗೇಜುಗಳನ್ನು ಒರೆಸಿ, ತಟ್ಟಿ, ಬರೆದುಕೊಂಡ. ಮೂವತ್ತನೆಯದು ಗ್ಯಾಸಿನ ತೇವ ತೆಗೆಯುವ ಗೋಪುರದ ನೆತ್ತಿಯಲ್ಲಿತ್ತು. ಅರವತ್ತೆರಡು ಮೆಟ್ಟಿಲು, ಕಬ್ಬಿಣದ ಕಂಬಿ ಕಾದ ಹಂಚು. ಹಿಂದಿನ ಪಾಳಿಯವರು ನಲವತ್ತೊಂದು ಎಂದು ಬರೆದಿದ್ದರು. ಅದರ ಹಿಂದಿನವರೂ ನಲವತ್ತೊಂದೇ. ಹಿರಿಯರ ಮಾತು ಮೀರಬಾರದಲ್ಲ! ಅವನು ಕೆಳಗೇ ನಿಂತು ‘ನಲವತ್ತೊಂದು ಪಾಯಿಂಟ್ ಎರಡು’ ಎಂದು ಬರೆದ. ಸುಳ್ಳಿಗೆ ಒಂದು ದಶಾಂಶದ ಬಾಲವಿದ್ದರೆ ಸತ್ಯದ ಕಳೆ ಬರುತ್ತದೆ.

ಕಂಟ್ರೋಲ್ ರೂಮಿನಲ್ಲಿ ಅಕ್ಕನ ಬೆರಳು ಹಾಳೆಯ ಮೇಲಿಂದ ಕೆಳಗಿಳಿದು ಕೊನೆಯ ಸಾಲಿನಲ್ಲಿ ನಿಂತಿತು.

“ಗೋಪುರದ್ದು ತಟ್ಟಿ ನೋಡಿದ್ಯಾ?”

“ಎರಡು ಸಲ ಅಕ್ಕಾ.”

“ಮುಳ್ಳು ಅಲುಗಿತಾ?”

“ಸ್ವಲ್ಪ ಅಲುಗಿ ನಿಂತ್ಕೊಳ್ತು.”

ಅಕ್ಕ ಅವನ ಟೀ ಲೋಟದ ಪಕ್ಕದಲ್ಲಿ ಪಾಳಿ ಶುರುವಾದಾಗಿನಿಂದ ಬಿದ್ದಿದ್ದ ಬಟ್ಟೆಯ ಗಂಟನ್ನು ಬಿಚ್ಚಿದರು. ಒಳಗೆ ಅಂಗೈಯಗಲದ ಗೇಜು, ಮುಳ್ಳು ಸೊನ್ನೆಯ ಮೇಲೆ.

“ಇದನ್ನೇ ಏನಪ್ಪಾ ತಟ್ಟಿದ್ದು? ನಿನ್ನೆ ಬೆಳಿಗ್ಗೆನೇ ರಿಪೇರಿಯವನು ಬಿಚ್ಚಿ ತಂದಿದಾನೆ. ಅಲ್ಲಿ ಬಿರಡೆ ಮಾತ್ರ ಇದೆ.”

ಅಕ್ಕ ಹಿಂದಿನ ಹಾಳೆಗಳನ್ನು ತಿರುವಿದರು. ನಿನ್ನೆ ಅವರ ವಾರದ ರಜೆ; ಅಷ್ಟರಲ್ಲಿ ಇಲ್ಲದ ಗೇಜು ಮೂರು ಪಾಳಿ ತಪ್ಪದೆ ನಲವತ್ತೊಂದು ತೋರಿಸಿತ್ತು. ಇದ್ದ ಗೇಜುಗಳೂ ಇಷ್ಟು ನಿಷ್ಠೆಯಿಂದ ದುಡಿದದ್ದಿಲ್ಲ.

ಅಷ್ಟರಲ್ಲಿ ಮ್ಯಾನೇಜರ್ ಒಳಗೆ ಬಂದರು. ಸೋಮವಾರ ತಪಾಸಣೆಯವರು ಬರುವವರಿದ್ದರು. ವಿಷಯ ಕೇಳಿ ಅವರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು.

“ಖಾಲಿ ಜಾಗ ಎಲ್ಲೂ ಇಲ್ವಲ್ಲ ಅಕ್ಕಾ? ಹಾಗಿದ್ರೆ ಸಹಿ ಹಾಕಿ, ಫೈಲ್ ಮುಗಿಸಿಬಿಡಿ.”

“ಗೇಜು ಕಾಗದದಲ್ಲಿದೆ ಸಾರ್. ಗೋಪುರದಲ್ಲಿಲ್ಲ.”

“ಸಹಿ ಇಲ್ಲ ಅಂದ್ರೆ ಇವನನ್ನ ಮನೆಗೆ ಕಳಿಸ್ಬೇಕಾಗುತ್ತೆ.”

“ಕಳಿಸಿ. ಜೊತೆಗೆ ಆ ಮೂರು ಪಾಳಿಯವರನ್ನೂ ಕಳಿಸಿ. ಇಲ್ಲಾಂದ್ರೆ ಇವನ್ನ ಇನ್ನೂ ಮೂರು ತಿಂಗಳು ನನ್ನ ಹಿಂದೆ ಸುತ್ತಿಸಿ.”

ಮೂರು ಪಾಳಿ ಹೋದರೆ ಸ್ಥಾವರದಲ್ಲಿ ಉಳಿಯುವುದು ಗೇಟಿನವನು ಮತ್ತು ಕ್ಯಾಂಟೀನು ಎಂಬ ಲೆಕ್ಕ ಮ್ಯಾನೇಜರರಿಗೆ ಬೇಗ ಹೊಳೆಯಿತು. “ಮೂರು ತಿಂಗಳು” ಎಂದು ಗೊಣಗಿ ಹೊರನಡೆದರು. ಅಕ್ಕ ಎಂಬತ್ತನಾಲ್ಕನೆಯ ಚೌಕದಲ್ಲಿ ದಪ್ಪಕ್ಷರದಲ್ಲಿ ‘ಆಗಿಲ್ಲ’ ಎಂದು ಬರೆದರು.

ಮೂಗಪ್ಪನಿಗೆ ನಾಚಿಕೆಗಿಂತ ಸಿಟ್ಟು ಮೊದಲು ಬಂತು. ತಾಯಿಗೆ ಏನು ಹೇಳುವುದು? ಬೀದಿಗೆ ಏನು ಹೇಳುವುದು?

“ನಿಜ ಹೇಳಿ ಅಕ್ಕಾ,” ಎಂದ. “ಈ ಮೂವತ್ತು ವರ್ಷದಲ್ಲಿ ನೀವು ಒಂದ್ಸಲನೂ ಹತ್ತದೆ ಬರೆದಿಲ್ವಾ?”

ಅಕ್ಕ ಪೆನ್ನಿನ ಮುಚ್ಚಳ ಹಾಕಿದರು.

“ಬರೆದಿದೀನಿ. ಅವತ್ತು ನನಗೆ ಸಹಿ ಹಾಕಿದವನು ಕತ್ತೆ.”